ಲೋಹ ಇಣುಕುವ ಚಿತ್ರ

ದಾವಣಗೆರೆಯ ಅಂಗಡಿ ಬೋರ್ಡುಗಳಿಂದ ಎಸಿಪಿ ಶೀಟು ಎಲ್ಲರಿಗೂ ಪರಿಚಿತ: ನಡುವೆ ಪ್ಲಾಸ್ಟಿಕ್ಕು, ಎರಡೂ ಬದಿಗೆ ತೆಳು ಅಲ್ಯೂಮಿನಿಯಂ. ಆ ಲೋಹವನ್ನು ಒಂದೇ ದಿಕ್ಕಿಗೆ ಉಜ್ಜಿ ಕೂದಲೆಳೆಯಂಥ ಗೆರೆ ಎಬ್ಬಿಸಿದ್ದೇ ಬ್ರಷ್ಡ್ ಫಿನಿಶ್. ಅದರ ಮೇಲೆ ಯುವಿ ಪ್ರಿಂಟರಿನಲ್ಲಿ ತೆಗೆದ ಅಮೂರ್ತ ಚಿತ್ರದ ಪ್ರತಿ ನನಗಂತೂ ಕ್ಯಾನ್ವಾಸ್ ಪ್ರತಿಗಿಂತ ಇಷ್ಟ. ಕ್ಯಾನ್ವಾಸ್ ಪ್ರತಿ ಮೂಲದಂತೆ ನಟಿಸುತ್ತದೆ; ಇದಕ್ಕೆ ಆ ಚಪಲವಿಲ್ಲ.

ಗುಟ್ಟಿರುವುದು ಬಿಳಿ ಶಾಯಿಯಲ್ಲಿ. ಅಡಿಗೆ ಬಿಳಿ ಕೊಟ್ಟ ಕಡೆ ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ. ಕೊಡದ ಕಡೆ ಲೋಹ ಇಣುಕಿ, ಕೆಂಪು ತಾಮ್ರದತ್ತ, ಹಳದಿ ಹಿತ್ತಾಳೆಯತ್ತ ವಾಲುತ್ತದೆ. ಆದ್ದರಿಂದ ಆಕಾರ ಕಡಿಮೆಯಿದ್ದಷ್ಟೂ ಒಳ್ಳೆಯದು. ಕಜಿಮಿರ್ ಮಾಲೆವಿಚ್ 1915ರಲ್ಲಿ ಬರೆದ ಕಪ್ಪು ಚೌಕ ಇಲ್ಲಿ ಒಗ್ಗುತ್ತದೆ. 1918ರ ಬಿಳಿಯ ಮೇಲಿನ ಬಿಳಿ ಚೌಕ ಒಗ್ಗದು. ಎರಡು ಬಿಳಿಗಳ ನಡುವಿನ ನವಿರು ಅಂತರವನ್ನು ಹೊಳಪು ನುಂಗಿಬಿಡುತ್ತದೆ.

ದಾವಣಗೆರೆಯ ಪಕ್ಕದ ಹರಿಹರಕ್ಕೆ ಈ ರುಚಿ ಹಳೆಯದು. ಮೈಸೂರು ಕಿರ್ಲೋಸ್ಕರ್ ಲೇತುಗಳು ತಯಾರಾಗುತ್ತಿದ್ದ ಊರದು. ಲೋಹದ ಮೇಲೆ ಹತ್ಯಾರು ಬಿಟ್ಟ ಗೆರೆಯನ್ನು ಬೆರಳಲ್ಲೇ ಓದುವವರು ದುಡಿದ ಜಾಗ. ಅದಕ್ಕೂ ಮುಂಚೆ, 1224ರ ಹರಿಹರೇಶ್ವರ ಗುಡಿಯ ಕಡೆದ ಕಂಬಗಳು. ಅವುಗಳ ಬಳೆಗಳಲ್ಲಿ ದೇವರಿಲ್ಲ, ಕಥೆಯಿಲ್ಲ. ಬರೀ ಉಬ್ಬು, ತಗ್ಗು, ನೆರಳು.

ಮಾಡಿಸುವವರು ಗೆರೆಯ ದಿಕ್ಕನ್ನು ಮೊದಲೇ ಹೇಳಬೇಕು. ಗೆರೆ ಅಡ್ಡಡ್ಡ ಇದ್ದರೆ ಚಿತ್ರದ ಮುಂದೆ ನಡೆದಂತೆ ಕಿಟಕಿಯ ಬೆಳಕಿನ ಪಟ್ಟಿಯೂ ಸರಿಯುತ್ತದೆ. ನೆಟ್ಟಗಿದ್ದರೆ ಆ ಆಟ ಕಡಿಮೆ. ಧೂಳಿಗೆ ಮೆತ್ತನೆಯ ಬಟ್ಟೆ ಸಾಕು. ಪಾತ್ರೆ ತಿಕ್ಕುವ ನಾರು ಮಾತ್ರ ಹತ್ತಿರ ಸುಳಿಯಕೂಡದು.