ಅಳುವೂ ನಗುವೂ ಒಂದೇ ಚೌಕಟ್ಟಿನಲ್ಲಿ: ಡಾರ್ಕ್ ಕಾಮಿಡಿ ನೋಡುವವರಿಗೊಂದು ಕೈಪಿಡಿ

ನಮ್ಮ ದಾವಣಗೆರೆ ನಾಟಕ ಕಂಪನಿಗಳ ಊರು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ, ಮುಂದೆ ಚಿಂದೋಡಿ ಲೀಲಾ ಅವರ ‘ಪೊಲೀಸನ ಮಗಳು’ ನಾಟಕ, ಇವುಗಳ ಮಾತು ಕಿವಿಗೆ ಬೀಳದೆ ಇಲ್ಲಿ ಹಳಬರ್‍ಯಾರೂ ಬೆಳೆದಿಲ್ಲ. ಕಂಪನಿ ನಾಟಕ ನಮ್ಮನ್ನು ಒಂದು ಕ್ರಮಕ್ಕೆ ಒಗ್ಗಿಸಿದೆ. ತಾಯಿ ಸತ್ತಳು, ಮಗಳು ಗೋಳಾಡಿದಳು, ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಪರದೆ ಬಿತ್ತು. ಮತ್ತೆ ಎದ್ದಾಗ ಹಾಸ್ಯದ ಜೋಡಿ ಬಂತು, ಅದೇ ಹೆಂಗಸರು ಬಿದ್ದುಬಿದ್ದು ನಕ್ಕರು. ಅಳುವಿಗೊಂದು ಸೀನು, ನಗುವಿಗೊಂದು ಸೀನು. ನಮ್ಮ ಸಿನಿಮಾಗಳು ಇದೇ ಸರದಿಯನ್ನು ಉಳಿಸಿಕೊಂಡವು, ಎಲ್ಲಿ ಏನಾಗಬೇಕೆಂದು ಹಿನ್ನೆಲೆ ಸಂಗೀತವೂ ಹೇಳಿಕೊಡತೊಡಗಿತು.

ಡಾರ್ಕ್ ಕಾಮಿಡಿಯ ಮುಂದೆ ಹೊಸಬರು ತಬ್ಬಿಬ್ಬಾಗುವುದು ಈ ಸರದಿ ತಪ್ಪುವುದರಿಂದ. ಅಲ್ಲಿ ಎರಡು ಸೀನುಗಳಿಲ್ಲ. ಹರಿಹರದ ಗರ್ಭಗುಡಿಯ ಮೂರ್ತಿಯನ್ನು ನೆನಪಿಗೆ ತಂದುಕೊಳ್ಳಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಅರ್ಧ ಹರಿ, ಅರ್ಧ ಹರ, ಮೈ ಮಾತ್ರ ಒಂದು. ಈ ಜಾತಿಯ ಸಿನಿಮಾದಲ್ಲಿ ಸಾವೂ ನಗುವೂ ಹಾಗೆಯೇ ಒಂದೇ ಚೌಕಟ್ಟಿನೊಳಗೆ, ಒಂದೇ ಕ್ಷಣದಲ್ಲಿ ನಿಂತಿರುತ್ತವೆ. ‘ಇದು ನಗುವ ಜಾಗವೋ ಅಳುವ ಜಾಗವೋ’ ಎಂದು ತೀರ್ಮಾನ ಮಾಡಲು ಹೊರಟವರಿಗೆ ಅರ್ಧ ಮೂರ್ತಿಯೇ ಕಾಣುವುದು. ತೀರ್ಮಾನವನ್ನು ಮುಂದಕ್ಕೆ ಹಾಕಿ ನೋಡುತ್ತಾ ಕೂರುವುದೇ ಇಲ್ಲಿಯ ಮೊದಲ ಅಭ್ಯಾಸ.

ಇದು ಪರದೇಶದ ಚಾಳಿ, ನಮ್ಮ ಮಂದಿಗೆ ಒಗ್ಗುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೋಳಿಯಲ್ಲಿ ಕಾಮಣ್ಣ ಸತ್ತನೆಂದು ಲಬೋ ಲಬೋ ಬಾಯಿ ಬಡಿದುಕೊಳ್ಳುವವರು ನಾವು. ಪ್ರೀತಿಯ ದೇವರು ಸುಟ್ಟು ಬೂದಿಯಾದದ್ದಕ್ಕೆ ಗೋಳು, ಆ ಗೋಳಿನಲ್ಲೇ ನಗೆ, ಅದರ ಬೆನ್ನಿಗೆ ಬಣ್ಣ. ಪಕ್ಕದ ರಾಣೆಬೆನ್ನೂರಿನಲ್ಲಿ ಇನ್ನೂ ಸೊಗಸಾದ ಪದ್ಧತಿಯಿದೆ. ಜೀವಂತ ರತಿ-ಮನ್ಮಥರ ವೇಷದಲ್ಲಿ ಇಬ್ಬರು ಮುಖದ ಒಂದು ಗೆರೆಯೂ ಅಲುಗದಂತೆ ಕೂರುತ್ತಾರೆ. ಜನ ಇಲ್ಲದ್ದೆಲ್ಲ ಆಡಿ, ಕುಣಿದು, ಅಣಕಿಸಿ ಅವರನ್ನು ನಗಿಸಲು ಹೆಣಗುತ್ತಾರೆ. ಅವರು ನಗದೇ ಇರುವುದರಿಂದಲೇ ಸುತ್ತಲಿನವರಿಗೆ ನಗು ತಡೆಯಲಾಗುವುದಿಲ್ಲ. ಡಾರ್ಕ್ ಕಾಮಿಡಿಯ ನಟನೆಯ ಗುಟ್ಟು ಪೂರ್ತಿಯಾಗಿ ಇದರಲ್ಲಿದೆ.

ಎಲ್ಲಿಂದ ಶುರುಮಾಡಬೇಕು? ಕನ್ನಡದ ‘ತಿಥಿ’ಯಿಂದ. ರಾಮ್ ರೆಡ್ಡಿ ನಿರ್ದೇಶನ, ಕಥೆ ಹೆಣೆಯುವುದರಲ್ಲಿ ಈರೇಗೌಡರ ಕೈ, ಮಂಡ್ಯ ಸೀಮೆಯ ನೊದೆಕೊಪ್ಪಲು ಎಂಬ ಹಳ್ಳಿ, ನಟನೆಯ ಗಂಧವಿಲ್ಲದ ಊರವರೇ ಪಾತ್ರಗಳು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ನೂರು ದಾಟಿದ ಸೆಂಚುರಿ ಗೌಡ ದಾರಿಹೋಕರನ್ನು ಬೈಯುತ್ತಾ ಕೂತಿರುತ್ತಾನೆ, ಎದ್ದು ಹೋದವನು ಬಿದ್ದು ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯ ಸಿದ್ಧತೆ ನಡೆದಿರುವಾಗ ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಅದಕ್ಕಾಗಿ ಬದುಕಿರುವ ತನ್ನ ಅಪ್ಪ ಗಡ್ಡಪ್ಪನಿಗೇ ಮರಣಪತ್ರ ಮಾಡಿಸುತ್ತಾನೆ. ಗಡ್ಡಪ್ಪನಿಗೆ ಇದ್ಯಾವುದೂ ಬೇಡ, ಅವನ ಪಾಡಿಗೆ ಅವನು ನಡೆಯುತ್ತಾ ಇರುತ್ತಾನೆ. ಈ ಚಿತ್ರ ನೋಡುವಾಗ ಒಂದನ್ನು ಗಮನಿಸಿ: ಯಾರೊಬ್ಬರೂ ಜೋಕು ಹೇಳುತ್ತಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ. ನಗು ಹುಟ್ಟುವುದು ಒಬ್ಬನ ಅವಸರ ಇನ್ನೊಬ್ಬನ ನಿಧಾನಕ್ಕೆ ಬಡಿದಾಗ. ನಕ್ಕ ಮೇಲೆ ಹೊಟ್ಟೆಯೊಳಗೆ ಏನೋ ಚುರುಕ್ ಎಂದರೆ ನೀವು ಸರಿಯಾಗಿ ನೋಡುತ್ತಿದ್ದೀರಿ.

ಈಗ ಪ್ರೀತಿಯ ವಿಷಯ. ವಯಸ್ಸಿನ ಅಂತರದ ಮದುವೆಯನ್ನು ನಗೆಯ ಮೂಲಕ ಇರಿಯುವ ಕೆಲಸವನ್ನು ಕನ್ನಡ ಬಹಳ ಹಿಂದೆಯೇ ಮಾಡಿದೆ. 1887ರಲ್ಲಿ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಹವ್ಯಕರ ಆಡುಮಾತಿನಲ್ಲಿ ಬರೆದರು. ಹಣ ಪಡೆದು ಮುದುಕರಿಗೆ ಹೆಣ್ಣು ಕೊಡುವ ಕನ್ಯಾವಿಕ್ರಯದ ಮೇಲೆ ಅವರ ಸಿಟ್ಟು. ಅಲ್ಲಿ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಆದ್ದರಿಂದ ಆ ನಗೆಗೆ ಗುರಿ ಯಾರೆಂಬುದರಲ್ಲಿ ಅನುಮಾನವೇ ಇಲ್ಲ: ಮಾರುವವರು ಮತ್ತು ಕೊಳ್ಳುವವರು.

ಹೆಣ್ಣಿಗೆ ವಯಸ್ಸು ಹೆಚ್ಚಾಗಿ ಗಂಡು ಚಿಕ್ಕವನಾದರೆ? ಅಲ್ಲಿ ನಮ್ಮವರು ನಗುವುದನ್ನೇ ಬಿಟ್ಟುಬಿಡುತ್ತಾರೆ. ಭಾರತೀಸುತರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1973ರಲ್ಲಿ ತೆಗೆದ ‘ಎಡಕಲ್ಲು ಗುಡ್ಡದ ಮೇಲೆ’ ನೋಡಿ. ಯುದ್ಧದಲ್ಲಿ ಗಾಯಗೊಂಡು ಬಂದ ಗಂಡನ ಹೆಂಡತಿ ಮಾಧವಿ, ತನಗಿಂತ ಕಿರಿಯ ನಂಜುಂಡನ ಕಡೆಗೆ ವಾಲುತ್ತಾಳೆ. ಜಯಂತಿ ಆ ಪಾತ್ರಕ್ಕೆ ಜೀವ ತುಂಬಿದ್ದಾರೆ. ನಂಜುಂಡನಾಗಿದ್ದ ಚಂದ್ರಶೇಖರ್ ಅವರಿಗಂತೂ ಆ ಗುಡ್ಡದ ಹೆಸರೇ ಅಂಟಿಕೊಂಡಿತು. ಪುಟ್ಟಣ್ಣನವರ ಧೈರ್ಯ ದೊಡ್ಡದು, ಆ ಕಾಲಕ್ಕಂತೂ ತೀರಾ ದೊಡ್ಡದು. ಆದರೂ ಚಿತ್ರ ಮಾಧವಿಯ ಆಸೆಯನ್ನು ದುರಂತದ ದಾರಿಗೇ ಹಚ್ಚುತ್ತದೆ. ಮುದುಕನ ಆಸೆ ನಮ್ಮಲ್ಲಿ ನಗೆಪಾಟಲು, ಹೆಂಗಸಿನ ಆಸೆ ಗಂಡಾಂತರ. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಚಿತ್ರಕ್ಕೆ ಬನ್ನಿ. ಈ ಕೈಪಿಡಿ ಬರೆಯಲು ಕೂತದ್ದೇ ಅದಕ್ಕಾಗಿ.

‘ಹೆರಾಲ್ಡ್ ಅಂಡ್ ಮಾಡ್’, 1971. ನಿರ್ದೇಶನ ಹ್ಯಾಲ್ ಆಶ್ಬಿ, ಕಥೆ ಕಾಲಿನ್ ಹಿಗಿನ್ಸ್ ಎಂಬ ಚಿತ್ರಕಥಾ ವಿದ್ಯಾರ್ಥಿಯದು. ಹೆರಾಲ್ಡ್ ಇಪ್ಪತ್ತರ ಆಸುಪಾಸಿನ ಸಿರಿವಂತರ ಹುಡುಗ, ಮಾಡ್ ಇನ್ನೇನು ಎಂಬತ್ತು ತುಂಬಲಿರುವ ಹೆಂಗಸು. ಬಡ್ ಕಾರ್ಟ್ ಮತ್ತು ರೂತ್ ಗಾರ್ಡನ್ ಈ ಇಬ್ಬರಾಗಿದ್ದಾರೆ. ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಹುಡುಗ ಆತ್ಮಹತ್ಯೆಯ ನಾಟಕವನ್ನು ಮತ್ತೆ ಮತ್ತೆ ಆಡುತ್ತಾನೆ. ಮನೆಯಲ್ಲಿ ಅಂಥ ನೋವು ಉಂಡವರಿದ್ದರೆ, ನಿಮ್ಮ ಮನಸ್ಸೇ ಈಗ ಕುಗ್ಗಿದ್ದರೆ, ಈ ಚಿತ್ರವನ್ನು ಇನ್ನೊಂದು ಕಾಲಕ್ಕೆ ಎತ್ತಿಡಿ. ಸಿನಿಮಾ ಕಾಯುತ್ತದೆ.

ಮೊದಲ ದೃಶ್ಯದಲ್ಲೇ ಪಾಠ ಶುರು. ಹುಡುಗನ ಕಾಲುಗಳಷ್ಟೇ ಕಾಣುತ್ತವೆ. ಮೆಟ್ಟಿಲಿಳಿದು ಬಂದು ಗ್ರಾಮಫೋನ್ ಹಚ್ಚುತ್ತಾನೆ, ಮೇಣದಬತ್ತಿ ಬೆಳಗುತ್ತಾನೆ, ಚೀಟಿ ಬರೆದಿಡುತ್ತಾನೆ. ನೇಣು ಬಿಗಿಯುತ್ತದೆ. ತಾಯಿ ಒಳಗೆ ಬರುತ್ತಾಳೆ, ನೋಡುತ್ತಾಳೆ, ಕೂತು ಫೋನ್ ಹಚ್ಚಿ ಬೇರೇನೋ ಮಾತಾಡತೊಡಗುತ್ತಾಳೆ. ಪ್ರೇಕ್ಷಕ ಬೆಚ್ಚುತ್ತಾನೆ, ಮರುಗಳಿಗೆ ನಗುತ್ತಾನೆ, ನಕ್ಕಿದ್ದಕ್ಕೆ ನಾಚುತ್ತಾನೆ. ಈ ಮೂರೂ ಒಂದು ಉಸಿರಿನೊಳಗೆ ಆಗುತ್ತವೆ. ನಾಚಿಕೆಯನ್ನು ದೂಡಬೇಡಿ. ‘ಈ ತಾಯಿಗೆ ಇದು ಅಭ್ಯಾಸವಾಗಿಹೋಗುವಷ್ಟು ಕಾಲ ಈ ಹುಡುಗ ಒಂಟಿಯಾಗಿದ್ದನೇ’ ಎಂಬ ಪ್ರಶ್ನೆ ಏಳುವುದು ಆ ನಾಚಿಕೆಯ ಒಳಗಿನಿಂದ.

ನಮ್ಮವರಿಗೆ ತಟ್ಟನೆ ಹತ್ತಿರವಾಗುವ ಭಾಗ ವಧು ಹುಡುಕುವುದು. ಜೋಡಿ ಕೂಡಿಸುವ ಕಂಪನಿಯೊಂದರ ಅರ್ಜಿ ತರಿಸಿ ತಾಯಿ ಮಗನೆದುರು ಓದುತ್ತಾಳೆ. ಪ್ರಶ್ನೆಗಳು ಅವನಿಗೆ, ಉತ್ತರಗಳು ಅವಳವು, ಅವೂ ಅವಳ ಇಷ್ಟಾನಿಷ್ಟಗಳೇ. ಮಗನ ಬಯೋಡೇಟಾವನ್ನು ಮಗನನ್ನೇ ಕೇಳದೆ ತುಂಬಿದ ಮನೆಗಳು ನಮ್ಮ ಓಣಿಯಲ್ಲೂ ಇವೆಯಲ್ಲ! ಅವಳು ಓದುತ್ತಿರುವಾಗ ಚೌಕಟ್ಟಿನ ಇನ್ನೊಂದು ಭಾಗದಲ್ಲಿ ಹುಡುಗನ ಕೈ ಏನು ಮಾಡುತ್ತಿದೆ ಎಂದು ನೋಡಿ. ಮಾತಾಡುವವರ ಮುಖವನ್ನೇ ನೋಡುವುದು ನಮ್ಮ ರೂಢಿ. ಇಲ್ಲಿ ಮಾತು ಒಂದು ಕಡೆ ಸಾಗಿದಾಗ ಕಥೆ ಇನ್ನೊಂದು ಕಡೆ ಕೂತಿರುತ್ತದೆ. ಮುಂದೆ ಮನೆಗೆ ಬಂದ ಮೊದಲ ಹುಡುಗಿ ಹೆದರಿ ಓಡಿದ ಮೇಲೆ ಹೆರಾಲ್ಡ್ ನಿಧಾನವಾಗಿ ಕ್ಯಾಮೆರಾದ ಕಡೆ ತಿರುಗಿ ನಿಮ್ಮನ್ನೇ ನೋಡಿ ತುಟಿಯಂಚಿನಲ್ಲಿ ನಗುತ್ತಾನೆ. ಅಷ್ಟು ಹೊತ್ತು ಕಲ್ಲಾಗಿದ್ದ ಮುಖ. ರಾಣೆಬೆನ್ನೂರಿನ ಮನ್ಮಥ ನಕ್ಕಂತಾಯಿತು.

ಹೆರಾಲ್ಡ್‌ಗೂ ಮಾಡ್‌ಗೂ ಒಂದೇ ಹವ್ಯಾಸ: ಗುರುತಿಲ್ಲದವರ ಅಂತ್ಯಸಂಸ್ಕಾರಕ್ಕೆ ಹೋಗಿ ಕೂರುವುದು. ಅವನು ಹೋಗುವುದು ಸಾವು ನೋಡಲು, ಅವಳು ಹೋಗುವುದು ಬದುಕಿನ ತಿರುಗಣಿಯನ್ನು ನೋಡಲು. ಒಂದು ಶವಸಂಸ್ಕಾರದಲ್ಲಿ ಕಪ್ಪು ಕೊಡೆಗಳ ಸಾಲು ಒಂದು ದಿಕ್ಕಿಗೆ ಹೊರಟಾಗ ಅವಳ ಹಳದಿ ಕೊಡೆ ಇನ್ನೊಂದು ದಿಕ್ಕಿಗೆ ಸರಿಯುತ್ತದೆ. ಮಾತಿಲ್ಲ, ವಿವರಣೆ ಇಲ್ಲ, ಪಾತ್ರದ ಪರಿಚಯ ಮುಗಿಯಿತು. ಛಾಯಾಗ್ರಾಹಕ ಜಾನ್ ಅಲೊಂಝೊ ಬಣ್ಣದಿಂದ ಹೇಳಿದ್ದನ್ನು ಸಂಭಾಷಣೆಯಲ್ಲಿ ಹುಡುಕಬೇಡಿ. ಇನ್ನೊಂದೆಡೆ ಹೂಗಿಡಗಳ ನಡುವೆ ಕೂತು, ಪ್ರತಿ ಹೂವೂ ಬೇರೆ ಬೇರೆ ಎಂದು ಮಾಡ್ ಹುಡುಗನಿಗೆ ತೋರಿಸಿಕೊಡುತ್ತಾಳೆ. ಕ್ಯಾಮೆರಾ ಹಿಂದಕ್ಕೆ ಸರಿದಾಗ ಸುತ್ತಲೂ ಕಣ್ಣು ಹಾಯುವಷ್ಟು ದೂರ ಒಂದೇ ಅಚ್ಚಿನ ಬಿಳಿ ಗೋರಿಕಲ್ಲುಗಳು. ಅಮೆರಿಕದ ಹುಡುಗರು ವಿಯೆಟ್ನಾಂನಲ್ಲಿ ಸಾಯುತ್ತಿದ್ದ ವರ್ಷಗಳವು. ಯುದ್ಧದ ಬಗ್ಗೆ ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಇಡೀ ಚಿತ್ರದ ಕೀಲಿ ಒಂದೆರಡು ಸೆಕೆಂಡಿನ ಒಂದು ನೋಟ. ಸಂಜೆ, ನೀರಿನ ದಂಡೆ. ಹುಡುಗ ಅವಳ ಕೈ ಹಿಡಿಯುತ್ತಾನೆ. ಮುಂಗೈಯ ಮೇಲೆ ಹಚ್ಚೆ ಹೊಯ್ದ ಸಂಖ್ಯೆ. ನಾಜಿಗಳ ಆಶ್‌ವಿಟ್ಜ್ ಶಿಬಿರದಲ್ಲಿ ಕೈದಿಗಳಿಗೆ ಹಾಕುತ್ತಿದ್ದ ಸಂಖ್ಯೆ ಅದು. ಅವಳು ಮಾತು ಬದಲಿಸಿ ಹಕ್ಕಿಗಳ ಕಡೆ ಹೋಗುತ್ತಾಳೆ, ಚಿತ್ರ ಮತ್ತೆಂದೂ ಆ ವಿಷಯ ಎತ್ತುವುದಿಲ್ಲ. ಅಲ್ಲಿಯವರೆಗೆ ಕಾರು ಕದಿಯುವ, ಪೊಲೀಸರನ್ನು ಆಟವಾಡಿಸುವ ತರಲೆ ಅಜ್ಜಿಯಾಗಿ ಕಂಡವಳು ಬೇರೆಯೇ ಹೆಂಗಸಾಗುತ್ತಾಳೆ. ಅವಳ ಪ್ರತಿಯೊಂದು ನಗೆಯ ತೂಕವನ್ನೂ ನೀವು ಹಿಂದಕ್ಕೆ ಹೋಗಿ ಲೆಕ್ಕ ಹಾಕಬೇಕಾಗುತ್ತದೆ. ನಮ್ಮ ದಾವಣಗೆರೆಯ ಆನೆಕೊಂಡದ ಮಂದಿಗೆ ಈ ವಿದ್ಯೆ ಹೊಸದಲ್ಲ. ಶ್ರಾವಣದಲ್ಲಿ ಅಲ್ಲಿಯ ಬಸವೇಶ್ವರನ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿದಾಗ ಬರುವುದು ಒಗಟಿನಂಥ ಚಿಕ್ಕ ಮಾತು. ಅದನ್ನು ಹಿಡಿದು ಮಳೆ, ಬೆಳೆ, ರಾಜಕೀಯ ಎಂದು ದಿನಗಟ್ಟಲೆ ಅರ್ಥ ಬಿಡಿಸುತ್ತಾ ಕಟ್ಟೆಯ ಮೇಲೆ ಕೂರುವವರಿಗೆ ಆ ಎರಡು ಸೆಕೆಂಡು ಧಾರಾಳವಾಗಿ ಸಾಕು.

ಹೆರಾಲ್ಡ್ ಮಾಡ್‌ಳನ್ನು ಮದುವೆಯಾಗಲು ಹೊರಟ ಸುದ್ದಿಗೆ ಲೋಕ ಹೇಗೆ ನಡೆದುಕೊಳ್ಳುತ್ತದೆ ಎಂಬಲ್ಲಿ ಚಿತ್ರದ ನಗೆ ತನ್ನ ಗುರಿಯನ್ನು ಬಿಚ್ಚಿಡುತ್ತದೆ. ಸೈನ್ಯದ ಅಧಿಕಾರಿಯಾದ ಮಾವ, ಮನೋವೈದ್ಯ, ಪಾದ್ರಿ ಒಬ್ಬೊಬ್ಬರಾಗಿ ಬಂದು ಹುಡುಗನಿಗೆ ಬುದ್ಧಿ ಹೇಳುತ್ತಾರೆ. ಅವರವರ ಬೆನ್ನಿನ ಗೋಡೆಯನ್ನು ನೋಡಿ: ಒಬ್ಬನ ಹಿಂದೆ ನಿಕ್ಸನ್, ಇನ್ನೊಬ್ಬನ ಹಿಂದೆ ಫ್ರಾಯ್ಡ್, ಮತ್ತೊಬ್ಬನ ಹಿಂದೆ ಪೋಪ್. ಮಾತಾಡುತ್ತಿರುವುದು ಗೋಡೆಯ ಮೇಲಿನ ಪಟಗಳೇ. ಇಗ್ಗಪ್ಪನ ಪ್ರಹಸನದಲ್ಲಿ ವ್ಯವಹಾರ ಕುದುರಿಸಿದವರಿಗೆ ನಗೆಯ ಏಟು ಬಿದ್ದಿತ್ತು. ಇಲ್ಲಿ ತಡೆಯುವವರಿಗೆ ಬೀಳುತ್ತದೆ. ಎರಡೂ ಕಡೆ ಅಳತೆಗೋಲು ಒಂದೇ: ಕೂಡುವ ಜೀವಗಳ ಒಪ್ಪಿಗೆ ಯಾರ ಕೈಯಲ್ಲಿದೆ? ವಯಸ್ಸಿನ ಲೆಕ್ಕ ಆಮೇಲಿನದು. ಹೊಸಬರು ಯಾವುದೇ ಡಾರ್ಕ್ ಕಾಮಿಡಿ ನೋಡಿದರೂ ‘ಇಲ್ಲಿ ನಗೆಗೆ ಗುರಿಯಾದವರು ಬಲಿಷ್ಠರೋ ದುರ್ಬಲರೋ’ ಎಂದು ಕೇಳಿಕೊಳ್ಳಲಿ. ಕೈಲಾಗದವರನ್ನು ತುಳಿದು ನಗಿಸುವ ಚಿತ್ರಗಳೂ ಈ ಹೆಸರಿನಲ್ಲಿ ಓಡಾಡುತ್ತವೆ, ಅವನ್ನು ಅರ್ಧಕ್ಕೇ ಬಿಟ್ಟು ಏಳುವುದು ರಸಿಕತೆಗೆ ಕುಂದಲ್ಲ.

ಮಾಡ್‌ಳ ಎಂಬತ್ತನೆಯ ಹುಟ್ಟುಹಬ್ಬದ ರಾತ್ರಿ ಏನಾಗುತ್ತದೆ ಎಂದು ಬರೆಯುವುದಿಲ್ಲ. ಅವಳ ನಿರ್ಧಾರವನ್ನು ನೀವು ಒಪ್ಪಲೇಬೇಕೆಂದಿಲ್ಲ, ನನಗೂ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಹೆರಾಲ್ಡ್‌ನ ಮುಖದಲ್ಲಿ ಮೊದಲ ಬಾರಿಗೆ ನಾಟಕವಲ್ಲದ ಸಂಕಟ ಕಾಣುವುದು ಅಲ್ಲಿ ಎಂಬುದನ್ನಷ್ಟೇ ಹೇಳುತ್ತೇನೆ. ಅದು ಕಾಣಬೇಕಾದರೆ ಹಿಂದಿನ ಹುಸಿಸಾವುಗಳಲ್ಲೆಲ್ಲ ಅವನ ಮುಖವನ್ನು ನೀವು ಗಮನವಿಟ್ಟು ನೋಡಿರಬೇಕು. ಕ್ಯಾಟ್ ಸ್ಟೀವನ್ಸ್‌ನ ಹಾಡುಗಳು ಆಗ ಕೆಲಸಕ್ಕೆ ಬರುತ್ತವೆ. ಅವು ದೃಶ್ಯದ ದುಃಖಕ್ಕೆ ದುಃಖ ಸೇರಿಸದೆ ಹಗುರಾಗಿ ಪಕ್ಕದಲ್ಲಿ ನಡೆದು ಬರುತ್ತವೆ.

ಮೊದಲ ನೋಟಕ್ಕೆ ಹಿಡಿಸದಿದ್ದರೆ ಗಾಬರಿಯಾಗಬೇಡಿ. ಬಿಡುಗಡೆಯಾದಾಗ ಚಿತ್ರ ನೆಲಕಚ್ಚಿತ್ತು. ಪ್ರಖ್ಯಾತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕರಲ್ಲಿ ಒಂದೂವರೆ ನಕ್ಷತ್ರ ಕೊಟ್ಟು ಕೈತೊಳೆದುಕೊಂಡರು. ಚಿತ್ರವನ್ನು ಉಳಿಸಿದವರು ಮತ್ತೆ ಮತ್ತೆ ಬಂದು ನೋಡಿದ ಜನ. ಮಿನಿಸೋಟದ ಎಡೈನಾ ಎಂಬ ಊರಿನ ವೆಸ್ಟ್‌ಗೇಟ್ ಚಿತ್ರಮಂದಿರದಲ್ಲಿ ಇದು ಎರಡು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಬೇರೆ ಸಿನಿಮಾ ಹಾಕಿ ಎಂದು ಅಕ್ಕಪಕ್ಕದವರು ಫಲಕ ಹಿಡಿದು ನಿಲ್ಲಬೇಕಾಯಿತು! 1997ರಲ್ಲಿ ಅಮೆರಿಕ ಇದನ್ನು ಕಾಪಿಡಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತು.

ನೋಡುವ ಕ್ರಮದ ಬಗ್ಗೆ ಕೊನೆಯದಾಗಿ ಇಷ್ಟು. ಮೊದಲ ಸಲ ಒಬ್ಬರೇ ನೋಡಿ, ಫೋನು ದೂರವಿಟ್ಟು. ನೀವು ನಕ್ಕ ಜಾಗಗಳನ್ನು ನೆನಪಿಟ್ಟುಕೊಳ್ಳಿ. ಎರಡನೆಯ ಸಲ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಳ್ಳಿ, ಅಜ್ಜಿಯಿದ್ದರೆ ಅಜ್ಜಿಯನ್ನೇ. ಮಾತು ತಿಳಿಯದಿದ್ದರೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಿ. ‘ತಿಥಿ’ಯಾದರೆ ಅದೂ ಬೇಕಿಲ್ಲ. ನೀವು ನಕ್ಕಲ್ಲಿ ಅವರು ಸುಮ್ಮನಿರಬಹುದು, ನೀವು ಗಂಟಲು ಬಿಗಿಹಿಡಿದಲ್ಲಿ ಅವರು ಗೊಳ್ಳೆಂದು ನಗಬಹುದು. ಸಿನಿಮಾ ಮುಗಿದ ಮೇಲೆ ಮಂಡಕ್ಕಿ ಮುಂದಿಟ್ಟುಕೊಂಡು, ಅಲ್ಲಿ ಯಾಕೆ ನಕ್ಕಿರಿ ಎಂದು ಅವರನ್ನು ಕೇಳಿ.