ಗುಣಲಬ್ಧದ ಪದವೂ ಹಂತಹಂತದ ಆಯ್ಕೆಯೂ

ಪಾರ್ಸಿಕ್ ಗುಡ್ಡಕ್ಕೂ ಠಾಣೆಯ ಖಾಡಿಗೂ ನಡುವೆ ನೆಲೆಸಿದ ಊರು ಕಳವಾ. ಗುಡ್ಡದಿಂದಿಳಿದ ಮಳೆನೀರು ಖಾಡಿಯನ್ನು ಸೇರಬೇಕು. ಭರತಿ ಏರಿದ ಹೊತ್ತಿನಲ್ಲಿ ಅದಕ್ಕೆ ದಾರಿ ಸಿಕ್ಕದು. ಇಳಿತದ ವೇಳೆಯ ಮಳೆ ಬಹುಮಟ್ಟಿಗೆ ಹರಿದುಹೋಗುತ್ತದೆ. ಚಳಿಗಾಲದ ಭರತಿ ದಿನಕ್ಕೆರಡು ಬಾರಿ ಬಂದು, ಅಂಗಳಗಳನ್ನು ನೆನೆಸದೆ ಹಿಂದಿರುಗುತ್ತದೆ. ಎರಡೂ ಕೂಡಿದಾಗ ಅನಾಹುತ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಭರತಿಯೂ ಅದರೊಡನೆ ಇತ್ತೆಂಬುದನ್ನು ಮುಂಬಯಿಯ ಜನ ಮರೆತಿಲ್ಲ. ಸಂಖ್ಯಾಶಾಸ್ತ್ರಜ್ಞರು ಅನ್ಯೋನ್ಯ ಪರಿಣಾಮವೆನ್ನುವುದು ಇದನ್ನೇ. ಸಮೀಕರಣದಲ್ಲಿ ಅದು ಮಳೆ, ಭರತಿಗಳೆಂಬ ಎರಡು ಚರಗಳ ಗುಣಲಬ್ಧವಾಗಿ ನಿಲ್ಲುತ್ತದೆ.

ನಿಂತ ನೀರಿನ ಆಳವನ್ನು ಲೆಕ್ಕ ಹಾಕುವವರು ಚರಗಳನ್ನು ಆರಿಸಲು ಸ್ಟೆಪ್‌ವೈಸ್ ರಿಗ್ರೆಶನ್ ಎಂಬ ಕ್ರಮವನ್ನು ಆಶ್ರಯಿಸುವುದುಂಟು. ಎಫ್ರಾಯ್ಮ್‌ಸನ್ ಅವರು 1960ರಲ್ಲಿ ಗಣಕಯಂತ್ರಕ್ಕೆ ಒಪ್ಪುವಂತೆ ವಿವರಿಸಿದ ಈ ಕ್ರಮ ಒಂದೊಂದೇ ಪದವನ್ನು ಸೇರಿಸುತ್ತ, ನಿರುಪಯುಕ್ತವೆಂದು ಕಂಡುದನ್ನು ಕಳೆಯುತ್ತ ಸಾಗುತ್ತದೆ. ಯಂತ್ರದ ಸಮಯ ದುಬಾರಿಯಾಗಿದ್ದ ಕಾಲಕ್ಕೆ ಅದು ಸಲ್ಲತಕ್ಕ ಉಪಾಯವೇ. ಆದರೆ ಗುಣಲಬ್ಧವನ್ನು ಅದು ಮತ್ತೊಂದು ಚರವೆಂದಷ್ಟೇ ಎಣಿಸುತ್ತದೆ. ಅದರ ತಾಯಿತಂದೆಗಳು ಯಾರೆಂದು ವಿಚಾರಿಸುವುದಿಲ್ಲ.

ಮೂಲಚರಗಳೆರಡೂ ಒಳಬಂದ ಮೇಲೆಯೇ ಗುಣಲಬ್ಧವನ್ನು ಪರೀಕ್ಷಿಸತಕ್ಕದ್ದೆಂದು ಕಟ್ಟು ಮಾಡಿದರೆ ದೋಷ ತಪ್ಪೀತೆ? ವರ್ಷವಿಡೀ ನೋಡಿದರೆ ಭರತಿ ಒಂಟಿಯಾಗಿ ಬಹುತೇಕ ನಿಷ್ಕ್ರಿಯವಾಗಿ ಕಾಣುತ್ತದೆ. ಅದು ಹೊಸ್ತಿಲಾಚೆಯೇ ಉಳಿಯಿತೆಂದರೆ ಗುಣಲಬ್ಧಕ್ಕೆ ಬಾಗಿಲು ತೆರೆಯುವುದೇ ಇಲ್ಲ. ಕಟ್ಟನ್ನು ಸಡಿಲಿಸಿದರೆ ಇನ್ನೂ ಸೂಕ್ಷ್ಮವಾದ ತಪ್ಪು ಹುಟ್ಟುತ್ತದೆ: ಗುಣಲಬ್ಧ ಮೊದಲೇ ನುಗ್ಗಿ, ಮಳೆಯ ಪದ ಹೊರಗುಳಿಯಬಹುದು. ಭರತಿಯನ್ನು ನೌಕಾನಕ್ಷೆಯ ಆಧಾರಮಟ್ಟದಿಂದಲೂ ಅಳೆಯಬಹುದು, ಸರಾಸರಿ ಸಮುದ್ರಮಟ್ಟದಿಂದಲೂ ಅಳೆಯಬಹುದು. ಮುಂಬಯಿಯಲ್ಲಿ ಇವೆರಡರ ಅಂತರ ಸುಮಾರು 2.5 ಮೀಟರ್. ಅಳತೆಯ ಮೂಲವನ್ನು ಅಷ್ಟು ಸರಿಸಿದೊಡನೆ ಗುಣಲಬ್ಧದೊಳಗಿಂದ ಮಳೆಯ 2.5 ಪಟ್ಟಿನ ಬೇರೊಂದು ಪದ ಹೊರಬೀಳುತ್ತದೆ. ಅದನ್ನು ಹೊರಲು ಮಳೆಯ ಪದವೇ ಸಮೀಕರಣದಲ್ಲಿಲ್ಲದಿದ್ದರೆ ಬರುವ ಉತ್ತರ ಬೇರೆ. ಖಾಡಿಯ ನೀರು ಬದಲಾಗಲಿಲ್ಲ, ಅಳತೆಗೋಲಿನ ಸೊನ್ನೆ ಮಾತ್ರ ಬದಲಾಯಿತು! ಜಾನ್ ನೆಲ್ಡರ್ ಅವರು 1977ರಲ್ಲಿ ಆಕ್ಷೇಪಿಸಿದ್ದು ಇಂಥ ಸಮೀಕರಣಗಳನ್ನೇ. ಚರಗಳು 10 ಇದ್ದರೆ ಜೋಡಿಗಳು 45. ಅಷ್ಟರೊಳಗೆ ಹುಡುಕಿ ತೆಗೆದ ಪದವನ್ನು, ಮೊದಲೇ ಗೊತ್ತುಮಾಡಿಕೊಂಡಿದ್ದ ಪದವೆಂಬಂತೆ ಪರೀಕ್ಷೆಗೆ ಒಡ್ಡುವ ರೂಢಿಯನ್ನಂತೂ ಸಮರ್ಥಿಸುವುದು ಕಷ್ಟ.

ಆದರೂ ನೆಲ್ಡರ್ ಅವರ ನಿಯಮವನ್ನು ಕಣ್ಣು ಮುಚ್ಚಿ ಹಿಡಿಯುವುದು ತರವಲ್ಲ. ಭರತಿಯ ಸೊನ್ನೆ ಮನುಷ್ಯ ಗೊತ್ತುಮಾಡಿದ್ದು. ಮಳೆಯ ಸೊನ್ನೆ ಪ್ರಕೃತಿಯೇ ಕೊಟ್ಟದ್ದು. ಮಳೆಯಿಲ್ಲದ ದಿನ ಖಾಡಿ ದಂಡೆ ಮೀರುವುದಿಲ್ಲವೆಂಬುದು ನಿಶ್ಚಿತವಾದಲ್ಲಿ ಭರತಿಯ ಒಂಟಿ ಪದವನ್ನು ಕೈಬಿಟ್ಟು, ಮಳೆಯನ್ನೂ ಗುಣಲಬ್ಧವನ್ನೂ ಉಳಿಸಿಕೊಳ್ಳಬಹುದು. ಭರತಿಯ ಮೂಲ ಎಲ್ಲಿಗೆ ಸರಿದರೂ ಆ ಸಮೀಕರಣದ ಉತ್ತರ ಕದಲದು. ಮಳೆಯನ್ನು ಹಾಗೆ ಕೈಬಿಡುವಂತಿಲ್ಲ. ಈ ಭೇದವನ್ನು ಅಂಕಿಗಳಿಂದ ಹೆಕ್ಕಲು ಯಂತ್ರಕ್ಕೆ ಶಕ್ತಿಯಿಲ್ಲ. ಬಿಯೆನ್, ಟೇಲರ್, ತಿಬ್ಶಿರಾನಿ ಅವರು 2013ರಲ್ಲಿ ಮುಂದಿಟ್ಟ ಲಾಸೊ ಕ್ರಮ ಮೂಲಚರಗಳನ್ನೂ ಗುಣಲಬ್ಧವನ್ನೂ ಒಟ್ಟಿಗೆ ತೂಗುವುದರಿಂದ ಹೊಸ್ತಿಲಿನ ದೋಷ ಅಲ್ಲಿ ಬಹುಮಟ್ಟಿಗೆ ನೀಗಿದೆ. ಭರತಿಯನ್ನು ಯಾವ ಮಟ್ಟದಿಂದ ಅಳೆಯಬೇಕೆಂಬುದನ್ನು ಮಾತ್ರ ಅಲ್ಲಿಯೂ ಲೆಕ್ಕಿಗನೇ ಮೊದಲು ನಿರ್ಧರಿಸಿಕೊಳ್ಳಬೇಕು.