ರಾಗಿ ಪೈರಿನ ಬೆತ್ಲೆಹೇಮ್

ಒಂದು ಚರ್ಚಿನಲ್ಲಿ ಮಕ್ಕಳ ಕೆಲಸ ಚೆನ್ನಾಗಿ ನಡೆಯುತ್ತಿದೆಯೇ ಎಂದು ಕೇಳಿದರೆ ಈಗ ಬರುವ ಉತ್ತರ ಒಂದೇ ಬಗೆಯದು. ಬೇಸಿಗೆ ರಜೆಯಲ್ಲಿ ವಿಬಿಎಸ್ (ರಜಾ ಬೈಬಲ್ ಶಾಲೆ) ನಡೆಯಿತು, ಇಷ್ಟು ಮಕ್ಕಳು ಬಂದರು, ಕೊನೆಯ ದಿನದ ಆಕ್ಷನ್ ಸಾಂಗ್‌ಗೆ ಊರೇ ಚಪ್ಪಾಳೆ ತಟ್ಟಿತು. ಹುಣಸೂರಿನಲ್ಲಿ ಕೇಳಿ, ಪಿರಿಯಾಪಟ್ಟಣದಲ್ಲಿ ಕೇಳಿ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಕೇಳಿ, ಮಾತು ಇದೇ. ಕ್ಯಾಥೊಲಿಕರ ಜ್ಞಾನೋಪದೇಶ ತರಗತಿಯಾಗಲಿ, ಸಿಎಸ್‌ಐನವರ ಭಾನುವಾರದ ಶಾಲೆಯಾಗಲಿ, ರಜಾ ಬೈಬಲ್ ಶಾಲೆಯನ್ನೇ ಮಾದರಿಯಾಗಿಟ್ಟುಕೊಂಡು ತಮ್ಮನ್ನು ಅಳೆದುಕೊಳ್ಳತೊಡಗಿವೆ. ಈ ಹೊಗಳಿಕೆ ಅತಿಯಾಯಿತು ಎಂಬುದು ನನ್ನ ವಾದ. ಈ ನಾಲ್ಕು ತಾಲ್ಲೂಕುಗಳ ಚರ್ಚುಗಳಲ್ಲಿ ಮಕ್ಕಳು ಮತ್ತು ಯುವಕರು ತಾವೇ ಯೋಚಿಸಿ, ತಾವೇ ಕಟ್ಟಿ, ತಮ್ಮದೆಂದು ನಿಲ್ಲಿಸುವ ಕೃತಿ ಒಂದಿದೆ. ಅದು ಡಿಸೆಂಬರಿನ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆದೃಶ್ಯ. ಅದನ್ನು ಅಲಂಕಾರವೆಂದು ನೋಡಿ ಮುಂದೆ ಹೋಗುತ್ತೇವೆಯೇ ಹೊರತು ಕೃತಿಯೆಂದು ಓದುವುದಿಲ್ಲ.

ಮೈಸೂರು ಮಿಷನ್ನಿನ ಚರಿತ್ರೆಯನ್ನು ಇಲ್ಲಿ ಹೇಳಹೊರಡುವುದಿಲ್ಲ. ಹದಿನೇಳನೆಯ ಶತಮಾನದ ಜೆಸ್ವಿಟ್ ಚಿನ್ನಮಿ, ಟಿಪ್ಪುವಿನ ನಂತರ ಬಂದ ಅಬ್ಬೆ ದ್ಯುಬುವಾ, ವೆಸ್ಲಿಯನ್ ಪಾದ್ರಿಗಳು, ಇವರೆಲ್ಲ ಓದುಗರಿಗೆ ಪರಿಚಿತರು. ಒಂದು ಕಥೆಯನ್ನು ಮಾತ್ರ ನೆನಪಿಸುತ್ತೇನೆ. 2019ರಲ್ಲಿ ಬೆಸಿಲಿಕಾ ಪದವಿ ಪಡೆದ ದೋರನಹಳ್ಳಿಯ ಸಂತ ಅಂತೋಣಿಯವರ ಚರ್ಚಿಗೆ ಜೂನ್ 13ರ ಹಬ್ಬದಲ್ಲಿ ಎಲ್ಲ ಜಾತಿ ಧರ್ಮದವರೂ ನಡೆದು ಬರುತ್ತಾರೆ. ಅಲ್ಲಿನ ಮೂರ್ತಿ ಹೊಲ ಉಳುವಾಗ ರೈತನೊಬ್ಬನಿಗೆ ಸಿಕ್ಕಿತೆಂದೂ, ಬೊಂಬೆಯೆಂದುಕೊಂಡು ಅವನು ಅದನ್ನು ಮಕ್ಕಳಿಗೆ ಆಡಲು ಕೊಟ್ಟನೆಂದೂ, ಆಮೇಲೆ ಕನಸಿನಲ್ಲಿ ಸಂತರೇ ಬಂದು ಗುಡಿ ಕಟ್ಟಲು ಹೇಳಿದರೆಂದೂ ಜನ ಹೇಳುತ್ತಾರೆ. ಈ ಸೀಮೆಯ ಅತಿ ದೊಡ್ಡ ಭಕ್ತಿಕೇಂದ್ರದ ಕಥೆಯಲ್ಲಿ ಸಂತರು ಗುರುಗಳ ಕೈಗೆ ಸಿಗುವ ಮೊದಲು ಮಕ್ಕಳ ಕೈಗೆ ಸಿಕ್ಕಿದ್ದರು. ಮುಂದಿನ ಮಾತಿಗೆಲ್ಲ ಇದು ಆಧಾರ.

ವಿಬಿಎಸ್‌ನಿಂದ ಒಳಿತಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅಪ್ಪ ಅಮ್ಮ ಕೂಲಿಗೆ ಹೋದ ಮನೆಗಳ ಮಕ್ಕಳಿಗೆ ಅದು ನೆರಳಿರುವ ಜಾಗ. ಬೇರೆ ಧರ್ಮದ ಮಕ್ಕಳೂ ಬರುತ್ತಾರೆ. ನಾಲ್ಕು ಜನರ ಮುಂದೆ ನಿಂತು ಮಾತಾಡುವ ಧೈರ್ಯ ಬರುತ್ತದೆ. ಆದರೆ ಅದರ ಹುಟ್ಟನ್ನು ನೆನೆದರೆ ಇವತ್ತಿನ ಸೋಲು ಎದ್ದು ಕಾಣುತ್ತದೆ. 1898ರಲ್ಲಿ ನ್ಯೂಯಾರ್ಕಿನಲ್ಲಿ ಎಲೈಜಾ ಹಾಸ್ ಎಂಬ ಮಹಿಳೆ ಬೀದಿಯಲ್ಲಿ ಅಲೆಯುವ ಮಕ್ಕಳನ್ನು ಕಂಡು, ಬಿಯರ್ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಪಾಠ ಶುರು ಮಾಡಿದಳು. ತನ್ನ ಬೀದಿಯನ್ನು ಕಣ್ಣು ಬಿಟ್ಟು ನೋಡಿದ್ದರಿಂದ ಹುಟ್ಟಿದ ಕೆಲಸ ಅದು. ನಮಗೆ ಬರುತ್ತಿರುವುದು ಆ ನೋಟವಲ್ಲ, ಮುದ್ರಿತ ಪುಸ್ತಕ, ವರ್ಷದ ಧ್ಯೇಯವಾಕ್ಯ, ಟೀ ಶರ್ಟು ಮತ್ತು ರಾಗ. ಆ ರಾಗಕ್ಕೆ ಕನ್ನಡ ಪದಗಳನ್ನು ತುರುಕುವಾಗ ಹ್ರಸ್ವ ಇರುವಲ್ಲಿ ದೀರ್ಘ ಎಳೆಯಬೇಕಾಗುತ್ತದೆ, ದೀರ್ಘವನ್ನು ಮೊಟಕುಮಾಡಬೇಕಾಗುತ್ತದೆ. ಸೋಬಾನೆ, ಕೋಲಾಟದ ಪದ ಕೇಳಿ ಬೆಳೆದ ಮಗು ಯೇಸುವಿನ ಹೆಸರನ್ನೇ ತಪ್ಪು ಮಾತ್ರೆಯಲ್ಲಿ ಹಾಡುತ್ತದೆ. ಹೆಜ್ಜೆಯೂ ಕಲಿಸಿದ್ದು, ನಗುವೂ ಕಲಿಸಿದ್ದು. ಸಮಾರೋಪ ಮುಗಿದ ಮೇಲೆ ಮಗುವಿನದೇ ಆದದ್ದೇನೂ ಚರ್ಚಿನಲ್ಲಿ ಉಳಿಯುವುದಿಲ್ಲ.

ಗೋದಲಿಯ ಕೆಲಸ ಹಾಗಲ್ಲ. ಅದಕ್ಕೆ ಕಾಲ ಬೇಕು, ಮತ್ತು ಆ ಕಾಲವನ್ನು ಪೂಜಾವರ್ಷವೇ ಕೊಟ್ಟಿದೆ. ಕ್ರಿಸ್ಮಸ್ ಹಬ್ಬಕ್ಕೆ ಕಾಯುವ ಆಗಮನ ಕಾಲದ ಮೊದಲ ಭಾನುವಾರ ಬರುವುದು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ. ನಮ್ಮ ಕಡೆ ಅದು ರಾಗಿ ಕೊಯ್ಲಾಗಿ ಕಣಕ್ಕೆ ಬರುವ ಹೊತ್ತು. ಹುಲ್ಲಿಗೆ, ಮಣ್ಣಿಗೆ, ಕಡ್ಡಿಗೆ ದುಡ್ಡು ಕೊಡಬೇಕಿಲ್ಲ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಮಕ್ಕಳು ಹಳೆಯ ತಟ್ಟೆ, ಡಬ್ಬಿಯ ಮುಚ್ಚಳ, ಒಡೆದ ಮಡಕೆಯ ಬೋಕಿಯಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲುತ್ತಾರೆ. ಇಲ್ಲೇ ಮೊದಲ ಪಾಠ. ಬೇಗ ಚೆಲ್ಲಿದರೆ ಪೈರು ಉದ್ದವಾಗಿ ಮಗುಚಿ ಬೀಳುತ್ತದೆ. ತಡವಾದರೆ ಹಬ್ಬದ ದಿನ ಬರೀ ಮೊಳಕೆ. ಒಳಗೇ ಇಟ್ಟರೆ ಹಳದಿ, ಹೊರಗೆ ಮರೆತರೆ ಕೋಳಿ ಕೆದಕುತ್ತದೆ. ನೀರು ಹೆಚ್ಚಾದರೆ ಕೊಳೆಯುತ್ತದೆ. ಆಗಮನ ಕಾಲವೆಂದರೆ ಕಾಯುವಿಕೆ ಎಂದು ಉಪದೇಶಿ ಎಷ್ಟು ಸಲ ಹೇಳಿದರೂ ಅದು ಪರೀಕ್ಷೆಯ ಉತ್ತರವಾಗಿಯೇ ಉಳಿಯುತ್ತದೆ. ಬೆಳಿಗ್ಗೆ ಎದ್ದೊಡನೆ ತಟ್ಟೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಹಸಿರು ಬಂತೇ ಎಂದು ನೋಡುವ ಹುಡುಗಿಗೆ ಆ ಮಾತನ್ನು ಯಾರೂ ವಿವರಿಸಬೇಕಿಲ್ಲ. ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ, ಅಳತೆಯಾಗಿ ನೀರು ಹಾಕುವುದು ಎಂದು ಅವಳ ಕೈ ಕಲಿತಿರುತ್ತದೆ.

ಹಾಗೆ ಬಂದ ಪೈರು ಗೋದಲಿಯಲ್ಲಿ ಹೊಲವಾಗುತ್ತದೆ. ಅದರ ಸುತ್ತ ಲಂಟಾನ ಕಡ್ಡಿಯ ಗುಡಿಸಲು, ಹುಲ್ಲಿನ ಸೂರು, ಕನ್ನಡಿ ಚೂರಿನ ಕೆರೆ. ನಾನು ಇಲ್ಲಿ ಬಿಡಿಸಿ ಹೇಳಬೇಕೆಂದಿರುವುದು ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯ ಚಿಕ್ಕ ಚರ್ಚಿನಲ್ಲಿ ಕಂಡ ಗೋದಲಿಯನ್ನು. ಗುಡಿಸಲಿನ ಎಡಕ್ಕೆ, ಕುರುಬರ ಬೊಂಬೆಗಳ ಹಿಂದೆ, ತಂಬಾಕಿನ ಎಲೆಯನ್ನು ಬೆಂಕಿಯ ಶಾಖದಲ್ಲಿ ಹದಮಾಡುವ ಒಂದು ಬ್ಯಾರನ್ ಇತ್ತು. ರಟ್ಟಿನ ಎತ್ತರದ ಗೋಡೆಗೆ ಕೆಮ್ಮಣ್ಣು ಬಳಿದಿದ್ದರು. ಮೇಲೆ ಪುಟ್ಟ ಹೊಗೆಕೊಳವೆ. ಕೆಳಗೆ ಒಲೆಯ ಬಾಯಿ, ಅದರೊಳಗೆ ಒಂದೇ ಒಂದು ಕೆಂಪು ಬಲ್ಬು. ಒಲೆಯ ಮುಂದೆ ಜೇಡಿಮಣ್ಣಿನ ಒಬ್ಬ ಮನುಷ್ಯ, ತಲೆಗೆ ಟವೆಲ್ ಸುತ್ತಿ ಕುಕ್ಕುರುಗಾಲಲ್ಲಿ ಕೂತಿದ್ದ. ಅಂಗಡಿಯಿಂದ ತಂದ ಪ್ಲಾಸ್ಟರಿನ ಕುರುಬರಿಗಿಂತ ಅವನು ದಪ್ಪ, ಗುಡಿಸಲಿನ ಬಾಗಿಲಿಗಿಂತ ಎತ್ತರ. ಅವನ ಮುಖಕ್ಕೆ ಕಣ್ಣು ಮೂಗು ಇಟ್ಟಿರಲಿಲ್ಲ. ಆದರೆ ಕತ್ತು ಒಲೆಯ ಕಡೆ ಬಾಗಿದ ರೀತಿ ಸರಿಯಾಗಿತ್ತು. ಬೆಂಕಿ ಕಾದವರಲ್ಲದೆ ಬೇರೆಯವರು ಹಾಗೆ ಕತ್ತು ಬಗ್ಗಿಸಿ ತೋರಿಸಲಾರರು.

ಇದನ್ನು ಯಾಕೆ ದೊಡ್ಡದೆನ್ನುತ್ತೇನೆ? ಈ ಸೀಮೆಯಲ್ಲಿ ಮುಂಗಾರಿನ ತಂಬಾಕು ಎಲೆ ಮುರಿದು ಬ್ಯಾರನ್‌ಗೆ ಏರಿಸಿದ ಮೇಲೆ, ಒಂದು ಸುತ್ತು ಹದವಾಗಲು ಐದಾರು ದಿನ ಬೇಕು. ಅಷ್ಟೂ ದಿನ, ಅಷ್ಟೂ ರಾತ್ರಿ ಬೆಂಕಿಯನ್ನು ಕಾಯಬೇಕು. ಶಾಖ ಏರಿದರೂ ನಷ್ಟ, ಇಳಿದರೂ ನಷ್ಟ. ಮನೆಯ ಹದಿನೆಂಟು ಇಪ್ಪತ್ತರ ಹುಡುಗರೇ ಎಷ್ಟೋ ಕಡೆ ಆ ನಿದ್ದೆಗೆಡುವವರು. ಲೂಕನ ಶುಭಸಂದೇಶದಲ್ಲಿ ಸುದ್ದಿ ಮೊದಲು ತಲುಪುವುದು ಯಾರಿಗೆ? ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದವರಿಗೆ. ಕುರುಬರ ಪಕ್ಕದಲ್ಲಿ ಬ್ಯಾರನ್ ಕಾಯುವವನನ್ನು ಕೂರಿಸಿದ ಹುಡುಗರು ಆ ಅಧ್ಯಾಯಕ್ಕೆ ಒಂದು ವ್ಯಾಖ್ಯಾನ ಬರೆದಿದ್ದಾರೆ. ದೇವದೂತ ಇವತ್ತು ಬಂದರೆ ಎಚ್ಚರವಾಗಿರುವವನು ಯಾರು ಎಂಬ ಪ್ರಶ್ನೆಗೆ ಅದು ಉತ್ತರ. ಅದೂ ಸುಲಭದ ಉತ್ತರವಲ್ಲ. ಊರಿಗೆ ರೊಕ್ಕ ಕೊಟ್ಟ ಬೆಳೆ, ಊರನ್ನು ಸಾಲಕ್ಕೂ ತಳ್ಳಿದ ಬೆಳೆ, ಸೇದಿದವರನ್ನು ಕೊಲ್ಲುವ ಬೆಳೆ ಅದು. ಅದನ್ನು ಬೆತ್ಲೆಹೇಮಿನ ಹೊರಗಿಟ್ಟಿದ್ದರೆ ಗೋದಲಿ ಚೊಕ್ಕಟವಾಗಿರುತ್ತಿತ್ತು. ಒಳಗಿಟ್ಟದ್ದರಿಂದ ಅದು ನಿಜವಾಯಿತು. ನಡುವೆ ಇದ್ದ ತೊಟ್ಟಿಲು ಖಾಲಿ. 24ರ ನಡುರಾತ್ರಿಯ ಬಲಿಪೂಜೆಯ ತನಕ ಅದರಲ್ಲಿ ಬಾಲಯೇಸುವನ್ನು ಇಡುವುದಿಲ್ಲ. ಅಲ್ಲಿಯವರೆಗೆ ಇಡೀ ದೃಶ್ಯದಲ್ಲಿ ಬೆಳಕಿದ್ದದ್ದು ಆ ಒಲೆಯಲ್ಲಿ ಮಾತ್ರ.

ಗೋದಲಿಗಳ ಸ್ಪರ್ಧೆ ನಡೆದಾಗ ಇದಕ್ಕೆ ಬಹುಮಾನ ಬರಲಿಲ್ಲ. ಬ್ಯಾರನ್ ಸಂದರ್ಭಕ್ಕೆ ಹೊಂದುವುದಿಲ್ಲ ಎಂದರಂತೆ ತೀರ್ಪುಗಾರರು. ಬಹುಮಾನ ಪಡೆದದ್ದು ಥರ್ಮಾಕೋಲಿನ ಬೆಟ್ಟ, ಮೋಟಾರಿನ ಜಲಪಾತ, ಓಡುವ ಸೀರಿಯಲ್ ಲೈಟು, ಡಬ್ಬಿಯಿಂದ ತೆಗೆದಿಟ್ಟ ಬೊಂಬೆಗಳ ಗೋದಲಿ. ಬೈಬಲಿನಲ್ಲಿ ಇಲ್ಲದ್ದು ಗೋದಲಿಯಲ್ಲಿ ಬೇಡ ಎನ್ನುವವರಿಗೆ ಒಂದು ಮಾತು. ಎತ್ತು ಮತ್ತು ಕತ್ತೆ ಲೂಕನಲ್ಲೂ ಇಲ್ಲ, ಮತ್ತಾಯನಲ್ಲೂ ಇಲ್ಲ. ಅವು ಬಂದದ್ದು ಯೆಶಾಯನ ಮೊದಲ ಅಧ್ಯಾಯದಿಂದ. ಹದಿನಾರನೆಯ ಬೆನೆಡಿಕ್ಟರು 2012ರ ತಮ್ಮ ಪುಸ್ತಕದಲ್ಲಿ ಇದನ್ನೇ ಹೇಳಿ, ಆದರೂ ಅವುಗಳನ್ನು ಬಿಟ್ಟ ಗೋದಲಿ ಇಲ್ಲ ಎಂದೂ ಸೇರಿಸಿದರು. 1223ರಲ್ಲಿ ಗ್ರೆಚ್ಚೊದ ಗುಹೆಯಲ್ಲಿ ಸಂತ ಫ್ರಾನ್ಸಿಸ್ ಮೊದಲ ಗೋದಲಿ ಮಾಡಿದಾಗ ಇದ್ದದ್ದು ಆ ಊರಿನದೇ ಹುಲ್ಲು, ಆ ಊರಿನದೇ ಎತ್ತು ಕತ್ತೆ. ನಮ್ಮ ದೋರನಹಳ್ಳಿಯ ಅಂತೋಣಿಯವರು ಆ ಫ್ರಾನ್ಸಿಸರ ಸಭೆಯವರೇ, ಅವರ ಸಮಕಾಲೀನರೇ. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸ್ ಅದೇ ಗ್ರೆಚ್ಚೊದಲ್ಲಿ ಸಹಿ ಹಾಕಿದ ಗೋದಲಿಯ ಕುರಿತ ಪತ್ರದಲ್ಲಿ, ಶುಭಸಂದೇಶಕ್ಕೆ ನೇರ ಸಂಬಂಧವಿಲ್ಲದ ಕಮ್ಮಾರ, ರೊಟ್ಟಿ ಸುಡುವವ ಮುಂತಾದ ಬೊಂಬೆಗಳಿಗೂ ಜಾಗವಿದೆ ಎಂದಿದ್ದಾರೆ. ಕಮ್ಮಾರನ ಕುಲುಮೆಗೆ ಜಾಗವಿದ್ದರೆ ಬ್ಯಾರನ್ನಿನ ಒಲೆಗೆ ಯಾಕಿಲ್ಲ?

ಆದರೆ ನನ್ನ ದೊಡ್ಡ ತಕರಾರು ಇರುವುದು ತೀರ್ಪುಗಾರರ ಮೇಲಲ್ಲ, ಪಂಡಿತರ ಮೇಲೆ. ಭಾರತೀಯ ಕ್ರೈಸ್ತ ಆರಾಧನೆ ಹೇಗಿರಬೇಕು ಎಂಬ ಚರ್ಚೆಗೆ ನಮ್ಮ ರಾಜ್ಯವೇ ಅಖಾಡವಾಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬೆಂಗಳೂರಿನ ಎನ್‌ಬಿಸಿಎಲ್‌ಸಿಯನ್ನು (ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ) ಕಟ್ಟಿದ ಫಾದರ್ ಅಮಲೋರ್ಪವದಾಸ್, ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನೂ ಕಟ್ಟಿದರು. ಭಾರತದ ಪೂಜಾವಿಧಿಗಾಗಿ 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳಲ್ಲಿ ಆರತಿ, ಅಂಜಲಿ, ಎಣ್ಣೆದೀಪ, ನೆಲದ ಮೇಲೆ ಕೂರುವುದು ಎಲ್ಲ ಇದ್ದವು. ಅಮಲೋರ್ಪವದಾಸರ ತಪಸ್ಸಿನ ಬಗ್ಗೆ ನನಗೆ ಗೌರವವಿದೆ. ಅದಕ್ಕೆ ಎದುರಾಗಿ, ನೀವು ಭಾರತೀಯ ಎನ್ನುವುದೆಲ್ಲ ಮೇಲುಜಾತಿಯ ಆಚಾರ, ಚರ್ಚಿನ ಬಹುಪಾಲು ದಲಿತರದು ಅದರಲ್ಲೆಲ್ಲಿದೆ ಎಂದು ದಲಿತ ಚಿಂತಕರು ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಐವತ್ತು ವರ್ಷ ನಡೆದ ಈ ಜಗಳವನ್ನು ಒಟ್ಟಾಗಿ ನೋಡಿ. ಎರಡೂ ಕಡೆಯವರ ಕಣ್ಣು ನೆಟ್ಟಿದ್ದು ಬಲಿಪೀಠದ ಮೇಲೆ. ಗುರುಗಳು ಯಾವ ವಸ್ತ್ರ ತೊಡಬೇಕು, ಯಾವ ದೀಪ ಹಚ್ಚಬೇಕು, ಯಾರ ವಾದ್ಯ ನುಡಿಸಬೇಕು. ದೇಶೀಯತೆಯೆಂದರೆ ದೊಡ್ಡವರು ತೀರ್ಮಾನಿಸಿ ಕೆಳಗೆ ಇಳಿಸುವುದು ಎಂಬುದನ್ನು ಇಬ್ಬರೂ ಪ್ರಶ್ನಿಸಲಿಲ್ಲ. ಅದೇ ಚರ್ಚಿನ ಮೂಲೆಯಲ್ಲಿ, ಬಲಿಪೀಠಕ್ಕೆ ಹತ್ತು ಹೆಜ್ಜೆ ದೂರದಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ಮಕ್ಕಳು ರಾಗಿ ಬೆಳೆದು ಬೆತ್ಲೆಹೇಮನ್ನು ತಮ್ಮ ಊರಿಗೆ ತಂದಿದ್ದರು. ಅದರಲ್ಲಿ ಆಶ್ರಮವಿರಲಿಲ್ಲ, ಹಟ್ಟಿ ಇತ್ತು. ಸಂಸ್ಕೃತ ಮಂತ್ರವಿರಲಿಲ್ಲ, ಸಗಣಿ ಸಾರಿಸಿದ ಅಂಗಳವಿತ್ತು. ದಲಿತ ಚಿಂತಕರು ಹುಡುಕುತ್ತಿದ್ದದ್ದೂ ಆಶ್ರಮದವರು ಹಂಬಲಿಸಿದ್ದೂ ಅಲ್ಲಿಯೇ ಇತ್ತು. ನೋಡಲು ಬಗ್ಗಬೇಕಿತ್ತು, ಅಷ್ಟೆ.

ಗೋದಲಿಯ ಪದ್ಧತಿಯಲ್ಲಿ ಕೊರತೆ ಇಲ್ಲವೆಂದಲ್ಲ. ಪೈರು ಬೆಳೆಸುವುದು ಹೆಣ್ಣುಮಕ್ಕಳು; ರಾತ್ರಿಯೆಲ್ಲ ಚರ್ಚಿನಲ್ಲಿ ಕೂತು ಕಟ್ಟುವುದು, ಎಲ್ಲಿ ಏನಿರಬೇಕೆಂದು ತೀರ್ಮಾನಿಸುವುದು ಹುಡುಗರು. ಬಲಿಪೀಠದ ಸೇವೆಗೆ ಹುಡುಗಿಯರು ಬರಬಹುದೆಂದು ರೋಮ್ ಹೇಳಿದ್ದು 1994ರಲ್ಲಿ. ಗೋದಲಿಗೆ ಅಂಥ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಅಲ್ಲಿ ಅವರಿಗೆ ಜಾಗ ಕಡಿಮೆ. ಆ ಕಾರಣಕ್ಕೇ ನಮ್ಮ ಗೋದಲಿಗಳಲ್ಲಿ ಮರಿಯಮ್ಮ ಇನ್ನೂ ಅಂಗಡಿಯ ಬೊಂಬೆಯಾಗಿಯೇ ಇದ್ದಾಳೆ ಎಂದು ನಾನು ನಂಬುತ್ತೇನೆ. ಬ್ಯಾರನ್ ಕಾಯುವ ಗಂಡಸಿಗೆ ಜೇಡಿಮಣ್ಣು ಸಿಕ್ಕಿತು. ಎಲೆ ಕಟ್ಟುವ ಹೆಂಗಸಿಗೆ ಸಿಗಲಿಲ್ಲ.

ಇದು ಸರಿಹೋಗಬೇಕಾದರೆ ಗೋದಲಿಯನ್ನು ಯುವಕ ಸಂಘದ ಪಾಲಿಗೆ ಬಿಟ್ಟು ಕೈತೊಳೆದುಕೊಳ್ಳುವುದು ನಿಲ್ಲಬೇಕು. ಆಗಮನ ಕಾಲದ ನಾಲ್ಕೂ ಭಾನುವಾರಗಳ ಜ್ಞಾನೋಪದೇಶದ ಹೊತ್ತನ್ನು ಅದಕ್ಕೇ ಕೊಡಲಿ, ಹುಡುಗ ಹುಡುಗಿಯರಿಬ್ಬರಿಗೂ. ಲೂಕನ ಎರಡನೆಯ ಅಧ್ಯಾಯವನ್ನು ಓದಿ, ಈ ರಾತ್ರಿ ನಮ್ಮೂರಲ್ಲಿ ಎಚ್ಚರವಿರುವವರು ಯಾರು ಎಂದು ಉಪದೇಶಿಗಳು ಕೇಳಲಿ, ಉತ್ತರವನ್ನು ತಾವು ಹೇಳದಿರಲಿ. ಸ್ಪರ್ಧೆ ನಿಲ್ಲಲಿ. ಅದರ ದುಡ್ಡಿನಲ್ಲಿ ಒಂದು ಹಳ್ಳಿಯ ಮಕ್ಕಳು ಇನ್ನೊಂದು ಹಳ್ಳಿಯ ಗೋದಲಿ ನೋಡಲು ಹೋಗಿಬರಲಿ, ಪಿರಿಯಾಪಟ್ಟಣದವರು ಎಚ್.ಡಿ. ಕೋಟೆಗೆ, ಕೋಟೆಯವರು ಕೆ.ಆರ್. ನಗರಕ್ಕೆ. ವಿಬಿಎಸ್ ನಡೆಯಲಿ, ಆದರೆ ಅದನ್ನು ತೋರಿಸಿ ಧರ್ಮಕೇಂದ್ರದ ಮಕ್ಕಳ ಕೆಲಸ ಇದೇ ಎಂದು ವರದಿ ಬರೆಯುವುದು ಬೇಡ. ಬೇರೆಯವರು ಬರೆದ ಹಾಡಿಗೆ ಕೈಯಾಡಿಸುವ ಮಗುವನ್ನು ನಾವು ಭಕ್ತಿವಂತ ಮಗು ಎನ್ನುತ್ತೇವೆ. ತನ್ನ ಊರಿನ ಬೆಂಕಿ, ತನ್ನ ಮನೆಯ ಸಾಲ, ತಾನೇ ಬೆಳೆಸಿದ ಪೈರನ್ನು ದೇವರ ಮುಂದೆ ಇಡುವ ಮಗುವಿನ ಕೆಲಸವನ್ನು ನಾವು ಓದಲು ಕಲಿಯಬೇಕು. ಆ ಮಗು ಭಕ್ತಿಯಿಂದ ಮುಂದಕ್ಕೆ ಹೋಗಿ ಧರ್ಮಶಾಸ್ತ್ರವನ್ನು ತಲುಪಿದೆ.